ಬೆಳೆ ಎನ್ನುವವರು ಯಾರು? ಸಾಕು ಎನ್ನುವವರು ಯಾರು?

ಮಕ್ಕಳೇ, ಕಬಡ್ಡಿ ಆಡುವಾಗ ಬಿದ್ದು ಮೊಣಕಾಲು ತರಚಿಕೊಳ್ಳದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇರಲಾರಿರಿ. ತರಚಿದ ಜಾಗದಲ್ಲಿ ಮೊದಲು ರಕ್ತ ಒಸರುತ್ತದೆ, ಆಮೇಲೆ ಹೆಪ್ಪುಗಟ್ಟುತ್ತದೆ. ಮಾರನೆಯ ದಿನ ಹಕ್ಕಳೆ ಕಟ್ಟುತ್ತದೆ. ಅದನ್ನು ಕೀಳಬೇಡಿ ಎಂದು ಎಷ್ಟು ಹೇಳಿದರೂ ನೀವು ಕೀಳುತ್ತೀರಿ, ಅದು ಬೇರೆ ಮಾತು! ವಾರ ಹತ್ತು ದಿನ ಕಳೆದರೆ ಹಕ್ಕಳೆ ತಾನಾಗಿಯೇ ಉದುರುತ್ತದೆ. ಅದರ ಕೆಳಗೆ ಹೊಸ ಚರ್ಮ ಬಂದಿರುತ್ತದೆ.

ಹೊಸ ಚರ್ಮ ಎಲ್ಲಿಂದ ಬಂತು ಎಂದು ತರಗತಿಯಲ್ಲಿ ಎಲ್ಲರೂ ಕೇಳುತ್ತಾರೆ. ಗಾಯದ ಅಂಚಿನಲ್ಲಿದ್ದ ಜೀವಕೋಶಗಳು ಬೆಳೆದು, ಒಂದು ಎರಡಾಗಿ, ಎರಡು ನಾಲ್ಕಾಗಿ ಆ ಜಾಗವನ್ನು ತುಂಬಿದವು. ಆದರೆ ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ. ಜಾಗ ತುಂಬಿದ ಮೇಲೆ ಅವು ನಿಂತದ್ದೇಕೆ? ಬೆಳೆಯಲು ಬಲ್ಲ ಜೀವಕೋಶ ಬೆಳೆಯುತ್ತಲೇ ಹೋಗಿ, ಮೊಣಕಾಲಿನ ಮೇಲೆ ತೆಂಗಿನಕಾಯಿ ಗಾತ್ರದ ಗುಡ್ಡೆ ಏಕೆ ಆಗಲಿಲ್ಲ? ನನಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದೆನಿಸುತ್ತದೆ.

ಜೀವಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಮೆದುಳಂತೂ ಇಲ್ಲ. ಆದರೂ ಅದಕ್ಕೆ "ಬೆಳೆ" ಎಂಬ ಸುದ್ದಿಯೂ "ಸಾಕು" ಎಂಬ ಸುದ್ದಿಯೂ ಮುಟ್ಟುತ್ತವೆ. ಮುಟ್ಟಿಸುವವರು ಯಾರು? ಕೆಲವು ಪ್ರೋಟೀನುಗಳು, ಜೊತೆಗೆ ಅಡುಗೆ ಎಣ್ಣೆಯ ಬಳಗಕ್ಕೆ ಸೇರಿದ ಒಂದು ಪುಟ್ಟ ವಸ್ತು!

ಎಣ್ಣೆಯ ಗೋಡೆ

ನಮ್ಮ ದೇಹದಲ್ಲಿ 30 ಲಕ್ಷ ಕೋಟಿಗಿಂತಲೂ ಹೆಚ್ಚು ಜೀವಕೋಶಗಳಿವೆ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಪ್ರತಿಯೊಂದರ ಸುತ್ತಲೂ ತೆಳುವಾದ ಪೊರೆ ಇದೆ. ಎಷ್ಟು ತೆಳು? ಸುಮಾರು ಇಪ್ಪತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಇಟ್ಟರೆ ನಿಮ್ಮ ನೋಟ್ ಪುಸ್ತಕದ ಒಂದು ಹಾಳೆಯಷ್ಟು ದಪ್ಪವಾದೀತು.

ಈ ಪೊರೆಯ ಮುಖ್ಯ ವಸ್ತು ಲಿಪಿಡ್. ಎಣ್ಣೆ, ತುಪ್ಪ, ಮೇಣ, ಕೊಬ್ಬು ಇವೆಲ್ಲವನ್ನೂ ಸೇರಿಸಿ ಲಿಪಿಡ್‌ಗಳು ಎನ್ನುತ್ತಾರೆ. ಪೊರೆಯಲ್ಲಿರುವ ಲಿಪಿಡ್ ಅಣುವಿಗೆ ಒಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಇಷ್ಟ, ಬಾಲಕ್ಕೆ ನೀರೆಂದರೆ ಆಗದು. ಆದ್ದರಿಂದ ಇಂಥ ಅಣುಗಳು ನೀರಿನಲ್ಲಿ ಸಿಕ್ಕಿಬಿದ್ದರೆ ಎರಡು ಸಾಲಾಗಿ ನಿಲ್ಲುತ್ತವೆ. ಎರಡೂ ಸಾಲಿನ ತಲೆಗಳು ಹೊರಕ್ಕೆ, ನೀರಿನ ಕಡೆಗೆ. ಬಾಲಗಳು ಒಳಕ್ಕೆ, ಒಂದಕ್ಕೊಂದು ಎದುರಾಗಿ.

ಇದು ಎರಡು ಸಾಲು ಎಂದು ತಿಳಿದದ್ದು ಹೇಗೆ ಗೊತ್ತೇ? 1925ರಲ್ಲಿ ನೆದರ್ಲೆಂಡ್ಸ್ ದೇಶದ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಇಬ್ಬರು ವಿಜ್ಞಾನಿಗಳು ಕೆಂಪು ರಕ್ತಕಣಗಳ ಲಿಪಿಡನ್ನು ಬೇರ್ಪಡಿಸಿ, ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಹರಡಿಕೊಂಡ ಜಾಗ, ಆ ರಕ್ತಕಣಗಳ ಮೇಲ್ಮೈಯ ಎರಡರಷ್ಟಿತ್ತು. ಅಂದರೆ ಪೊರೆಯಲ್ಲಿ ಎರಡು ಪದರಗಳಿರಬೇಕು. ಇದರಲ್ಲಿ ಒಂದು ತಮಾಷೆಯೂ ಇದೆ. ಅವರು ಲಿಪಿಡನ್ನು ಪೂರ್ತಿ ಬೇರ್ಪಡಿಸಿರಲಿಲ್ಲ, ರಕ್ತಕಣದ ಮೇಲ್ಮೈಯನ್ನೂ ಕಡಿಮೆ ಲೆಕ್ಕ ಹಾಕಿದ್ದರು. ಒಂದು ತಪ್ಪು ಇನ್ನೊಂದು ತಪ್ಪನ್ನು ಸರಿದೂಗಿಸಿ, ಉತ್ತರ ಮಾತ್ರ ಸರಿಯಾಗಿ ಬಂದಿತ್ತು! ನಿಮ್ಮ ಗಣಿತದ ಮೇಷ್ಟ್ರು ಇಂಥದ್ದಕ್ಕೆ ಅಂಕ ಕೊಡಲಿಕ್ಕಿಲ್ಲ.

ನೀವೇ ಮಾಡಿ ನೋಡಿ

ಒಂದು ಅಗಲವಾದ ತಟ್ಟೆಯಲ್ಲಿ ನೀರು ಹಾಕಿ. ಅದರ ಮೇಲೆ ಕಾಳುಮೆಣಸಿನ ಪುಡಿಯನ್ನು ತೆಳುವಾಗಿ ಉದುರಿಸಿ. ಬೆರಳ ತುದಿಗೆ ಸ್ವಲ್ಪ ಒದ್ದೆ ಸಾಬೂನು ಹಚ್ಚಿಕೊಂಡು ತಟ್ಟೆಯ ನಡುವೆ ಮುಟ್ಟಿ. ಪುಡಿ ಅಂಚಿನ ಕಡೆಗೆ ಓಡಿಹೋಗುತ್ತದೆ. ಸಾಬೂನಿನ ಅಣುವಿಗೂ ನೀರನ್ನು ಬಯಸುವ ತಲೆ, ನೀರನ್ನು ಒಲ್ಲದ ಬಾಲ ಇವೆ. ಅವು ಬಾಲವನ್ನು ಗಾಳಿಗೆ ಚಾಚಿ, ತಲೆಯನ್ನು ನೀರಿಗೆ ತಗುಲಿಸಿ ಕ್ಷಣಮಾತ್ರದಲ್ಲಿ ಮೇಲ್ಮೈಯಲ್ಲಿ ಹರಡುತ್ತವೆ. ಆಗ ನಡುವಿನ ನೀರಿನ ಮೇಲ್ಮೈ ಎಳೆತ ತಗ್ಗುತ್ತದೆ. ಅಂಚಿನ ನೀರಿನ ಎಳೆತ ಹೆಚ್ಚಿರುವುದರಿಂದ ಪುಡಿ ಆ ಕಡೆಗೆ ಸರಿಯುತ್ತದೆ. ಪುಡಿ ಮುಟ್ಟಿದ ಕೈಯಿಂದ ಕಣ್ಣು ಉಜ್ಜಬೇಡಿ.

ಬೇಗ ಕಣ್ಣು ಬಿಟ್ಟ ಇಲಿಮರಿಗಳು

"ಬೆಳೆ" ಎಂಬ ಸುದ್ದಿ ಹೊರಗಿನಿಂದ ಬರುತ್ತದೆ. ಅದನ್ನು ತರುವ ಒಂದು ದೂತನನ್ನು ಕಂಡುಹಿಡಿದವರು ಅಮೆರಿಕದ ಸ್ಟ್ಯಾನ್ಲಿ ಕೋಹೆನ್. ಅವರು ಇಲಿಯ ಜೊಲ್ಲುಗ್ರಂಥಿಯ ರಸವನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿ ನೋಡುತ್ತಿದ್ದರು. ಇಲಿಮರಿ ಹುಟ್ಟಿ 12ರಿಂದ 14 ದಿನಕ್ಕೆ ಕಣ್ಣು ಬಿಡುತ್ತದೆ. ಈ ಮರಿಗಳು ಏಳನೇ ದಿನಕ್ಕೇ ಕಣ್ಣು ಬಿಟ್ಟವು. ಹಲ್ಲು ಕೂಡ ಬೇಗ ಮೂಡಿತು. ಬೇರೆಯವರಾಗಿದ್ದರೆ ಏನೋ ಆಯಿತು ಎಂದು ಬಿಟ್ಟುಬಿಡುತ್ತಿದ್ದರೇನೋ. ಕೋಹೆನ್ ಬಿಡಲಿಲ್ಲ. ಆ ರಸದಲ್ಲಿ ಚರ್ಮದ ಜೀವಕೋಶಗಳನ್ನು ಬೆಳೆಸುವ ಒಂದು ಚಿಕ್ಕ ಪ್ರೋಟೀನು ಇದೆ ಎಂದು ತೋರಿಸಿದರು. ಇಂಥ ಪ್ರೋಟೀನುಗಳಿಗೆ ಬೆಳವಣಿಗೆ ಅಂಶಗಳು ಎಂದು ಹೆಸರು. 1986ರಲ್ಲಿ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.

ನಮ್ಮ ಜೊಲ್ಲಿನಲ್ಲೂ ಈ ಬೆಳವಣಿಗೆ ಅಂಶ ಇದೆ. ಹಾಗೆಂದು ಗಾಯವನ್ನು ನೆಕ್ಕಲು ಹೋಗಬೇಡಿ. ಬಾಯಲ್ಲಿ ರೋಗಾಣುಗಳೂ ಇರುತ್ತವೆ. ಗಾಯವನ್ನು ಶುದ್ಧ ನೀರು, ಸಾಬೂನಿನಿಂದ ತೊಳೆಯಿರಿ, ಸಾಕು. ಬೆಳವಣಿಗೆ ಅಂಶವನ್ನು ನಿಮ್ಮ ರಕ್ತವೇ ತಂದುಕೊಡುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಿರುತಟ್ಟೆಗಳು ಗಾಯದ ಬಳಿ ಒಡೆದಾಗ ಅದನ್ನು ಸುರಿಸುತ್ತವೆ.

ಈಗ ಒಂದು ತೊಡಕು ನೋಡಿ. ಬೆಳವಣಿಗೆ ಅಂಶ ಪೊರೆಯನ್ನು ದಾಟಿ ತಾನೇ ಒಳಗೆ ಹೋಗಿ ಸುದ್ದಿ ಹೇಳುವುದಿಲ್ಲ. ಪೊರೆಯಲ್ಲಿ ಗ್ರಾಹಕ ಎಂಬ ಪ್ರೋಟೀನುಗಳು ನಾಟಿಕೊಂಡಿವೆ. ಅವುಗಳ ಒಂದು ತುದಿ ಹೊರಗೆ, ಇನ್ನೊಂದು ತುದಿ ಒಳಗೆ. ಅಂಚೆಯಣ್ಣ ಬಾಗಿಲಲ್ಲೇ ನಿಂತು ಚಿಲಕ ಅಲ್ಲಾಡಿಸಿದ ಹಾಗೆ, ಬೆಳವಣಿಗೆ ಅಂಶ ಹೊರತುದಿಯನ್ನು ಹಿಡಿಯುತ್ತದೆ. ಆಗ ಒಳತುದಿ ಎಚ್ಚರಗೊಳ್ಳುತ್ತದೆ. ಮುಂದಿನ ಕಥೆ ಎಲ್ಲವೂ ಒಳಗೆ ನಡೆಯುವಂಥದ್ದು.

ಪಾರಿವಾಳದ ಮೇದೋಜೀರಕದಲ್ಲಿ

ಲಿಪಿಡ್ ಎಂದರೆ ಬರೀ ಗೋಡೆ ಎಂದು ಬಹಳ ಕಾಲ ಎಲ್ಲರೂ ತಿಳಿದಿದ್ದರು. ಗೋಡೆಗೆ ಕೆಲಸವೇನು? ನಿಂತಿರುವುದು, ಅಷ್ಟೇ. ಆದರೆ 1953ರಲ್ಲಿ ಮೇಬಲ್ ಹೋಕಿನ್ ಮತ್ತು ಲೋವೆಲ್ ಹೋಕಿನ್ ಎಂಬ ದಂಪತಿ ಪಾರಿವಾಳದ ಮೇದೋಜೀರಕ ಗ್ರಂಥಿಯ ತೆಳು ಹೋಳುಗಳ ಮೇಲೆ ಒಂದು ಪ್ರಯೋಗ ಮಾಡಿದರು. ಜೀರ್ಣರಸ ಸುರಿಸುವಂತೆ ಹೋಳುಗಳನ್ನು ಪ್ರಚೋದಿಸಿದರು. ಜೊತೆಗೆ ಗುರುತು ಸಿಗಲೆಂದು ವಿಕಿರಣ ಸೂಸುವ ರಂಜಕವನ್ನೂ ಸೇರಿಸಿದ್ದರು. ಪ್ರಚೋದನೆ ಸಿಕ್ಕಿದ ಕೂಡಲೇ ಪೊರೆಯ ಲಿಪಿಡ್‌ಗಳು ಆ ರಂಜಕವನ್ನು ಬಹಳ ಹೆಚ್ಚಾಗಿ ಹೀರಿಕೊಂಡವು. ಗೋಡೆ ಸುಮ್ಮನೆ ನಿಂತಿರಲಿಲ್ಲ, ಕೆಲಸ ಮಾಡುತ್ತಿತ್ತು! ಆ ಕೆಲಸ ಏನೆಂದು ಬಿಡಿಸಿ ಹೇಳಲು ಇನ್ನೂ ಹಲವು ದಶಕಗಳು ಬೇಕಾದವು.

ಆರು ಮೂಲೆಯ ತಲೆ

ಕೈವಾರ ತೆಗೆದುಕೊಳ್ಳಿ. ಒಂದು ವೃತ್ತ ಎಳೆಯಿರಿ. ಕೈವಾರದ ಅಳತೆಯನ್ನು ಬದಲಿಸದೆ ವೃತ್ತದ ಮೇಲೆ ಗುರುತು ಹಾಕುತ್ತಾ ಹೋದರೆ ಸರಿಯಾಗಿ ಆರು ಗುರುತು ಬರುತ್ತವೆ. ಅವನ್ನು ಸೇರಿಸಿದರೆ ಜೇನುಗೂಡಿನ ಕೋಣೆಯಂಥ ಷಟ್ಕೋನ. ಮೂಲೆಗಳಿಗೆ ಸುತ್ತಲೂ 1ರಿಂದ 6ರವರೆಗೆ ಸಂಖ್ಯೆ ಕೊಡಿ.

ಪೊರೆಯ ಒಳಸಾಲಿನಲ್ಲಿ ಇಂಥ ಆರು ಮೂಲೆಯ ತಲೆ ಇರುವ ಲಿಪಿಡ್‌ಗಳು ಅಲ್ಲಲ್ಲಿ ಇವೆ. 1ನೇ ಮೂಲೆ ಬಾಲದ ಕಡೆಗೆ ಅಂಟಿಕೊಂಡಿದೆ. 4 ಮತ್ತು 5ನೇ ಮೂಲೆಗಳಲ್ಲಿ ಒಂದೊಂದು ಫಾಸ್ಫೇಟ್ ಗುಂಪು ಇದೆ. ಫಾಸ್ಫೇಟ್ ಎಂದರೆ ರಂಜಕ ಮತ್ತು ಆಮ್ಲಜನಕ ಸೇರಿ ಆದ ಪುಟ್ಟ ಗುಂಪು. ನಿಮ್ಮ ಚಿತ್ರದಲ್ಲಿ ಆ ಎರಡು ಮೂಲೆಗಳಿಗೆ ಕೆಂಪು ಚುಕ್ಕೆ ಇಡಿ. ಈ ಲಿಪಿಡ್‌ನ ಪೂರ್ಣ ಹೆಸರು ಉದ್ದವಾಗಿದೆ, ಪರೀಕ್ಷೆಗೂ ಬರುವುದಿಲ್ಲ. ವಿಜ್ಞಾನಿಗಳೇ ಅದನ್ನು ಚುಟುಕಾಗಿ ಪಿಪ್-2 ಎಂದು ಕರೆಯುತ್ತಾರೆ.

ಈಗ 3ನೇ ಮೂಲೆಗೆ ಇನ್ನೊಂದು ಕೆಂಪು ಚುಕ್ಕೆ ಇಡಿ. ಅದು ಪಿಪ್-3 ಆಯಿತು.

ಇಷ್ಟೇ ವ್ಯತ್ಯಾಸ. ಒಂದು ಚುಕ್ಕೆ. ಆದರೆ ಜೀವಕೋಶಕ್ಕೆ ಈ ಒಂದು ಚುಕ್ಕೆ "ಬೆಳೆ" ಎಂಬ ಆಜ್ಞೆ. ಸುಮ್ಮನಿರುವ ಜೀವಕೋಶದಲ್ಲಿ ಪಿಪ್-3 ಹುಡುಕಿದರೂ ಸಿಗದಷ್ಟು ಕಡಿಮೆ. ಬೆಳವಣಿಗೆ ಅಂಶ ಬಾಗಿಲು ತಟ್ಟಿದ ಕೆಲವೇ ಕ್ಷಣಗಳಲ್ಲಿ ಅದು ಪೊರೆಯಲ್ಲಿ ಮೂಡುತ್ತದೆ.

ಮೂರನೆಯ ಚುಕ್ಕೆ ಇಡುವ ಕಿಣ್ವದ ಹೆಸರು ಪಿಐ-3 ಕೈನೇಸ್. 3ನೇ ಮೂಲೆಯಲ್ಲಿ ಇಡುವುದರಿಂದಲೇ ಅದಕ್ಕೆ ಆ 3 ಬಂದಿದೆ. ಅಮೆರಿಕದ ಲೂಯಿಸ್ ಕ್ಯಾಂಟ್ಲಿ ಮತ್ತು ಸಂಗಡಿಗರು ಇಂಥ ಕಿಣ್ವವೊಂದರ ಜಾಡು ಹಿಡಿದು, ಅದು ಚುಕ್ಕೆ ಇಡುವುದು ಯಾರೂ ಊಹಿಸದಿದ್ದ 3ನೇ ಮೂಲೆಯಲ್ಲಿ ಎಂದು 1988ರಲ್ಲಿ ತೋರಿಸಿದರು. ಈ ಕಿಣ್ವದಲ್ಲಿ ಎರಡು ಭಾಗಗಳಿವೆ. ಒಂದು ಚುಕ್ಕೆ ಇಡುವ ಭಾಗ. ಇನ್ನೊಂದು ಅದನ್ನು ಹಿಡಿದು ನಿಲ್ಲಿಸಿರುವ ನಿಯಂತ್ರಕ ಭಾಗ. ಎತ್ತಿಗೆ ಮೂಗುದಾರ ಇದ್ದ ಹಾಗೆ ಎನ್ನಿ. ಗ್ರಾಹಕದಿಂದ ಕರೆ ಬಂದಾಗ ನಿಯಂತ್ರಕ ಭಾಗವೇ ಕಿಣ್ವವನ್ನು ಪೊರೆಯ ಬಳಿಗೆ ಕರೆದೊಯ್ದು ಹಿಡಿತ ಸಡಿಲಿಸುತ್ತದೆ.

ಗೂಟಕ್ಕೆ ಬಂದು ನಿಲ್ಲುವ ಪ್ರೋಟೀನುಗಳು

ಒಂದು ಚುಕ್ಕೆ ಮೂಡಿದರೆ ಏನಾಯಿತು? ಜೀವಕೋಶದ ಒಳಗೆ ಸಾವಿರಾರು ಬಗೆಯ ಪ್ರೋಟೀನುಗಳು ದಿಕ್ಕಿಲ್ಲದೆ ಓಡಾಡಿಕೊಂಡಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ಪಿಪ್-3ರ ತಲೆ ಸರಿಯಾಗಿ ಕೂರುವಂಥ ಒಂದು ಕುಳಿ ಇದೆ. ಪಿಪ್-3 ಪೊರೆಗೆ ಹೊಡೆದ ಗೂಟವಿದ್ದಂತೆ. ಅಲೆಯುತ್ತಿದ್ದ ಈ ಪ್ರೋಟೀನುಗಳು ಗೂಟಕ್ಕೆ ಬಂದು ತಗಲಿಕೊಳ್ಳುತ್ತವೆ.

ಹೀಗೆ ಬರುವವುಗಳಲ್ಲಿ ಮುಖ್ಯವಾದದ್ದು ಎಕೆಟಿ. ಇನ್ನೊಂದು ಪಿಡಿಕೆ-1. ಇಡೀ ಜಾತ್ರೆಯಲ್ಲಿ ಇಬ್ಬರು ಗೆಳೆಯರು ಒಬ್ಬರನ್ನೊಬ್ಬರು ಹುಡುಕುತ್ತಾ ಅಲೆದರೆ ಭೇಟಿಯಾಗುವುದು ಕಷ್ಟ. ತೇರಿನ ಬಳಿ ನಿಲ್ಲೋಣ ಎಂದು ಮಾತಾಡಿಕೊಂಡಿದ್ದರೆ ಸುಲಭ. ಪಿಪ್-3 ಆ ತೇರು. ಎಕೆಟಿ, ಪಿಡಿಕೆ-1 ಎರಡೂ ಅಲ್ಲಿಗೆ ಬಂದು ಅಕ್ಕಪಕ್ಕ ನಿಂತಾಗ ಪಿಡಿಕೆ-1 ಎಕೆಟಿಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಇನ್ನೊಂದು ಕಿಣ್ವ ಮತ್ತೊಂದನ್ನು ಅಂಟಿಸುತ್ತದೆ. ಎಕೆಟಿ ಈಗ ಕೆಲಸಕ್ಕೆ ಸಿದ್ಧ. ಅದು ಪೊರೆ ಬಿಟ್ಟು ಒಳಗೆ ಹೋಗಿ ಹತ್ತಾರು ಕಡೆ ಸುದ್ದಿ ಮುಟ್ಟಿಸುತ್ತದೆ. ಸಕ್ಕರೆ ಒಳಗೆ ತೆಗೆದುಕೊಳ್ಳಿ, ಹೊಸ ಪ್ರೋಟೀನು ಕಟ್ಟಿ, ಎರಡಾಗಲು ಅಣಿಯಾಗಿ, ಸಾಯಬೇಡಿ!

ಪ್ರೋಟೀನು ಕಟ್ಟುವ ಆಜ್ಞೆ ಟಾರ್ ಎಂಬ ಪ್ರೋಟೀನಿನ ಮೂಲಕ ಹೋಗುತ್ತದೆ. ಆ ಹೆಸರಿನ ಹಿಂದೆ ಒಂದು ಕಥೆ ಇದೆ. ಪೆಸಿಫಿಕ್ ಸಾಗರದ ನಡುವೆ ರಾಪಾ ನುಯಿ ಎಂಬ ದ್ವೀಪವಿದೆ, ದೊಡ್ಡ ದೊಡ್ಡ ಕಲ್ಲಿನ ಮುಖಗಳಿಗೆ ಹೆಸರಾದದ್ದು. 1964ರಲ್ಲಿ ಕೆನಡಾದ ತಂಡವೊಂದು ಅಲ್ಲಿಂದ ಮಣ್ಣು ತಂದಿತ್ತು. ಅವಿಭಜಿತ ಭಾರತದಲ್ಲಿ ಹುಟ್ಟಿದ ವಿಜ್ಞಾನಿ ಸುರೇನ್ ಸೆಹಗಲ್ ಮತ್ತು ಸಂಗಡಿಗರು ಆ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ವಸ್ತುವೊಂದನ್ನು ಬೇರ್ಪಡಿಸಿ, ದ್ವೀಪದ ಹೆಸರಿನಲ್ಲಿ ರಾಪಾಮೈಸಿನ್ ಎಂದು ಕರೆದರು. ಮುಂದೆ ಅವರ ಪ್ರಯೋಗಾಲಯ ಮುಚ್ಚಿತು. ಸೆಹಗಲ್ ಆ ಬ್ಯಾಕ್ಟೀರಿಯಾವನ್ನು ತಮ್ಮ ಮನೆಯ ಫ್ರೀಜರಿನಲ್ಲಿ ಜೋಪಾನ ಮಾಡಿದ್ದರಂತೆ. ಆ ವಸ್ತು 1999ರಲ್ಲಿ, ಮೂತ್ರಪಿಂಡ ಬದಲಿಸಿಕೊಂಡವರಿಗೆ ಕೊಡುವ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದಕ್ಕೂ ಮೊದಲೇ, 1991ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜೋಸೆಫ್ ಹೈಟ್‌ಮನ್, ರಾವ್ ಮೊವ್ವ ಮತ್ತು ಮೈಕಲ್ ಹಾಲ್ ಯೀಸ್ಟ್ ಮೇಲೆ ಪ್ರಯೋಗ ಮಾಡಿ, ರಾಪಾಮೈಸಿನ್ ಹೋಗಿ ತಡೆಯುವ ಗುರಿ ಯಾವುದೆಂದು ಕಂಡುಹಿಡಿದಿದ್ದರು. ರಾಪಾಮೈಸಿನ್‌ನ ಗುರಿ ಎಂಬುದರ ಇಂಗ್ಲಿಷ್ ಮೊದಲಕ್ಷರಗಳೇ ಟಾರ್.

ಚುಕ್ಕೆ ಅಳಿಸುವವನು

ಈಗ ನಮ್ಮ ಎರಡನೆಯ ಪ್ರಶ್ನೆ. ಸಾಕು ಎನ್ನುವವರು ಯಾರು?

1997ರಲ್ಲಿ ಅಮೆರಿಕದಲ್ಲಿ ಬೇರೆ ಬೇರೆ ತಂಡಗಳು ಹೆಚ್ಚು ಕಡಿಮೆ ಒಂದೇ ಸಮಯಕ್ಕೆ ಒಂದು ಜೀನನ್ನು ಪತ್ತೆಹಚ್ಚಿದವು. ಮನುಷ್ಯರ 10ನೇ ವರ್ಣತಂತುವಿನಲ್ಲಿ ಇರುವ ಈ ಜೀನ್, ಹಲವು ಬಗೆಯ ಕ್ಯಾನ್ಸರ್ ಗಡ್ಡೆಗಳಲ್ಲಿ ಕಾಣೆಯಾಗಿತ್ತು ಅಥವಾ ಕೆಟ್ಟಿತ್ತು. ಅದಕ್ಕೆ ಪಿಟೆನ್ ಎಂದು ಹೆಸರಿಟ್ಟರು. ಆ ಜೀನ್ ಹೇಳಿದಂತೆ ತಯಾರಾಗುವ ಪ್ರೋಟೀನಿಗೂ ಅದೇ ಹೆಸರು. ಅದರ ರಚನೆ ನೋಡಿದರೆ ಫಾಸ್ಫೇಟನ್ನು ಕಿತ್ತುಹಾಕುವ ಕಿಣ್ವದಂತಿತ್ತು. ಯಾವುದರಿಂದ ಕಿತ್ತುಹಾಕುತ್ತದೆ? ಯಾವುದೋ ಪ್ರೋಟೀನಿನಿಂದ ಇರಬೇಕು ಎಂದು ಹೆಚ್ಚಿನವರು ಭಾವಿಸಿದರು. 1998ರಲ್ಲಿ ತೊಮೊಹಿಕೊ ಮಾಯೆಹಾಮಾ ಮತ್ತು ಜ್ಯಾಕ್ ಡಿಕ್ಸನ್ ಪರೀಕ್ಷಿಸಿ ನೋಡಿದಾಗ ತಿಳಿದದ್ದು ಬೇರೆ. ಪಿಟೆನ್ ಮುಖ್ಯವಾಗಿ ಕೀಳುವುದು ಪ್ರೋಟೀನಿನ ಫಾಸ್ಫೇಟನ್ನಲ್ಲ, ಲಿಪಿಡ್‌ನದು. ಅದೂ ಪಿಪ್-3ರ 3ನೇ ಮೂಲೆಯದು!

ನಿಮ್ಮ ಚಿತ್ರದಲ್ಲಿ 3ನೇ ಮೂಲೆಯ ಚುಕ್ಕೆಯನ್ನು ರಬ್ಬರಿನಿಂದ ಅಳಿಸಿ. ಪಿಪ್-3 ಮತ್ತೆ ಪಿಪ್-2 ಆಯಿತು. ಗೂಟ ಹೋಯಿತು. ಹೊಸ ಎಕೆಟಿ ಬಂದು ನಿಲ್ಲಲು ಜಾಗವಿಲ್ಲ. ಮೊದಲೇ ಎಚ್ಚರಗೊಂಡಿದ್ದ ಎಕೆಟಿಯ ಫಾಸ್ಫೇಟನ್ನು ಬೇರೆ ಕಿಣ್ವಗಳು ಕಿತ್ತುಹಾಕುತ್ತವೆ. ಸುದ್ದಿ ತಣ್ಣಗಾಗುತ್ತದೆ.

ಒಬ್ಬ ಚುಕ್ಕೆ ಇಡುವವ, ಒಬ್ಬ ಅಳಿಸುವವ. ಇಬ್ಬರೂ ಸದಾ ಕೆಲಸದಲ್ಲಿರುತ್ತಾರೆ. ಬೆಳವಣಿಗೆ ಅಂಶ ಇದ್ದಾಗ ಇಡುವವನ ಕೈ ಮೇಲು. ಅದು ಕಡಿಮೆಯಾದಾಗ ಅಳಿಸುವವನ ಕೈ ಮೇಲು. ಗಾಯ ತುಂಬುತ್ತಾ ಬಂದಂತೆ ಬೆಳವಣಿಗೆ ಅಂಶ ಕಡಿಮೆಯಾಗುತ್ತದೆ, ಅಕ್ಕಪಕ್ಕದ ಜೀವಕೋಶಗಳು ಒಂದಕ್ಕೊಂದು ಒತ್ತಿ ನಿಂತು ಅವೂ ತಡೆ ಹಾಕುತ್ತವೆ. ಸಾಕು ಎನ್ನುವವನು ಪಿಟೆನ್ ಒಬ್ಬನೇ ಅಲ್ಲ. ಆದರೆ ಬಹಳ ಮುಖ್ಯನಾದವನು.

ಇಲ್ಲಿ ಕೆಲವರು ಒಂದು ಪ್ರಶ್ನೆ ಕೇಳುವುದುಂಟು. ಹೆಚ್ಚು ಎಣ್ಣೆ ತಿಂದರೆ ಪಿಪ್-3 ಹೆಚ್ಚಾಗಿ ಬೇಗ ಎತ್ತರವಾಗುತ್ತೇವೆಯೇ? ಇಲ್ಲ. ಪಿಪ್-3 ಎಣ್ಣೆಯ ಜೊತೆ ಬರುವುದಿಲ್ಲ. ಪೊರೆಯಲ್ಲಿರುವ ಪಿಪ್-2ರಿಂದ ಕಿಣ್ವವೇ ಅದನ್ನು ಮಾಡಬೇಕು.

ಬಾಳೆಹಣ್ಣಿನ ನೊಣದ ರೆಕ್ಕೆ

ಕಳಿತ ಬಾಳೆಹಣ್ಣಿನ ಸುತ್ತ ಹಾರುವ ಸಣ್ಣ ನೊಣಗಳನ್ನು ನೋಡಿದ್ದೀರಿ. ಅವುಗಳಲ್ಲೂ ಇದೇ ಪಿಪ್-3, ಇದೇ ಕಿಣ್ವ, ಇದೇ ಪಿಟೆನ್ ಇವೆ. 1996ರಲ್ಲಿ ಲಂಡನ್ನಿನ ವಿಜ್ಞಾನಿಗಳು ಇಂಥ ನೊಣದ ಬೆಳೆಯುತ್ತಿರುವ ರೆಕ್ಕೆ, ಕಣ್ಣುಗಳಲ್ಲಿ ಚುಕ್ಕೆ ಇಡುವ ಕಿಣ್ವವನ್ನು ಹೆಚ್ಚಿಸಿದರು. ರೆಕ್ಕೆ, ಕಣ್ಣು ದೊಡ್ಡದಾದವು. ಕಿಣ್ವದ ಕೆಲಸವನ್ನು ತಡೆದಾಗ ಚಿಕ್ಕದಾದವು. ಬೇರೆ ಪ್ರಯೋಗಗಳಲ್ಲಿ ನೊಣದ ಪಿಟೆನ್ ಇಲ್ಲವಾದಾಗ ಜೀವಕೋಶಗಳೇ ಗಾತ್ರದಲ್ಲಿ ಹಿಗ್ಗಿದ್ದವು. ಇಲಿಯಲ್ಲಿ ಪಿಟೆನ್ ಪೂರ್ತಿ ಇಲ್ಲದಿದ್ದರೆ ಮರಿ ಹುಟ್ಟುವುದೇ ಇಲ್ಲ, ತಾಯಿಯ ಹೊಟ್ಟೆಯಲ್ಲೇ ಸಾಯುತ್ತದೆ. ನೊಣಕ್ಕೂ ನಮಗೂ ಒಂದೇ ಬಗೆಯ ಸ್ವಿಚ್ಚು ಎಂಬುದು ನನಗೆ ಈಗಲೂ ಬೆರಗಿನ ವಿಷಯ.

ಸಾಕು ಎನ್ನುವವನು ಇಲ್ಲದಿದ್ದರೆ

ಪ್ರತಿ ಜೀವಕೋಶದಲ್ಲೂ ಪಿಟೆನ್ ಜೀನಿನ ಎರಡು ಪ್ರತಿಗಳಿವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದು ಕೆಟ್ಟರೆ ಇನ್ನೊಂದು ಸ್ವಲ್ಪಮಟ್ಟಿಗೆ ಕೈ ಹಿಡಿಯುತ್ತದೆ. ಯಾವುದೋ ಒಂದು ಜೀವಕೋಶದಲ್ಲಿ ಎರಡೂ ಕೆಟ್ಟರೆ ಚುಕ್ಕೆ ಅಳಿಸುವವರು ಕಡಿಮೆಯಾಗುತ್ತಾರೆ. ಪಿಪ್-3 ಪೊರೆಯಲ್ಲಿ ಉಳಿದುಬಿಡುತ್ತದೆ. ಹೊರಗೆ ಯಾರೂ ಬಾಗಿಲು ತಟ್ಟದಿದ್ದರೂ ಒಳಗೆ ಬೆಳೆ, ಬೆಳೆ ಎಂಬ ಸುದ್ದಿ ಹಬ್ಬುತ್ತಲೇ ಇರುತ್ತದೆ. ಚುಕ್ಕೆ ಇಡುವ ಕಿಣ್ವದ ಮೂಗುದಾರ ಹರಿದರೂ ಇದೇ ಗತಿ. ಇಂಥ ಹಲವು ಕೆಡುಕುಗಳು ಒಂದೇ ಜೀವಕೋಶದಲ್ಲಿ ಒಟ್ಟುಗೂಡಿದಾಗ ಅದು ನಿಲ್ಲದೆ ಹೆಚ್ಚುತ್ತಾ ಹೋಗುತ್ತದೆ. ಅದನ್ನೇ ಕ್ಯಾನ್ಸರ್ ಎನ್ನುತ್ತಾರೆ. ಜೀನ್‌ಗಳು ಕೆಡಲು ವಯಸ್ಸು ಒಂದು ಕಾರಣ, ಬೀಡಿ, ಸಿಗರೇಟು, ಗುಟ್ಕಾ ಇನ್ನೊಂದು ಕಾರಣ. ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ, ಜೀವಕೋಶ ಎರಡಾಗುವಾಗ ಜೀನಿನ ನಕಲು ತೆಗೆಯುವಲ್ಲಿ ಆಗುವ ತಪ್ಪಿನಿಂದಲೂ ಕೆಡುತ್ತವೆ.

ನಿಮ್ಮ ತರಗತಿಯಲ್ಲಿ ಯಾರದಾದರೂ ಮನೆಯಲ್ಲಿ ಅಜ್ಜಿಗೋ ಅಮ್ಮನಿಗೋ ಈ ಕಾಯಿಲೆ ಇರಬಹುದು. ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ. ಜೊತೆಗೆ ಕೂತು ಉಂಡರೆ ಅಂಟುವುದಿಲ್ಲ. ಅವರ ತಟ್ಟೆ ಲೋಟ ಬೇರೆ ಇಡುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಕೆಟ್ಟಿರುವುದು ಅವರದೇ ಜೀವಕೋಶದ ಒಳಗಿನ ಸ್ವಿಚ್ಚು. ಅದು ಇನ್ನೊಬ್ಬರ ಜೀವಕೋಶಕ್ಕೆ ನೆಗೆಯಲಾರದು.

ಸ್ವಿಚ್ಚು ಕೆಟ್ಟಿರುವ ಜಾಗ ಗೊತ್ತಾದರೆ ಅಲ್ಲಿಗೇ ಔಷಧ ಹುಡುಕಬಹುದು. ಒಂದು ಬಗೆಯ ಸ್ತನ ಕ್ಯಾನ್ಸರಿನಲ್ಲಿ, 100 ರೋಗಿಗಳಲ್ಲಿ ಸುಮಾರು 40 ಮಂದಿಯ ಗಡ್ಡೆಯಲ್ಲಿ ಚುಕ್ಕೆ ಇಡುವ ಕಿಣ್ವದ ಜೀನ್ ಕೆಟ್ಟಿರುತ್ತದೆ. ಅಂಥವರಿಗಾಗಿ, ಆ ಕಿಣ್ವವನ್ನೇ ತಡೆಯುವ ಆಲ್ಪೆಲಿಸಿಬ್ ಎಂಬ ಮಾತ್ರೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2023ರಲ್ಲಿ ಎಕೆಟಿಯನ್ನು ತಡೆಯುವ ಕ್ಯಾಪಿವಸರ್ಟಿಬ್ ಎಂಬ ಮಾತ್ರೆಯೂ ಬಂತು. ಇವನ್ನು ಬೇರೆ ಔಷಧದ ಜೊತೆಗೆ ಸೇರಿಸಿ ಕೊಡುತ್ತಾರೆ. ಇವು ಕಾಯಿಲೆ ಬೆಳೆಯುವುದನ್ನು ಸ್ವಲ್ಪ ಕಾಲ ತಡೆದು ನಿಲ್ಲಿಸುತ್ತವೆ, ಬೇರುಸಹಿತ ಕಿತ್ತುಹಾಕುವುದಿಲ್ಲ.

ಆಲ್ಪೆಲಿಸಿಬ್ ತೆಗೆದುಕೊಂಡ ಬಹಳ ಮಂದಿಗೆ ರಕ್ತದಲ್ಲಿ ಸಕ್ಕರೆ ಏರಿತು. ಏಕಿರಬಹುದು? ಎಕೆಟಿ ಹೇಳುವ ಮೊದಲ ಸುದ್ದಿ ಏನೆಂದು ಮೇಲೆ ಓದಿದಿರಿ, ನೆನಪಿದೆಯೇ? ಊಟವಾದ ಮೇಲೆ ನಮ್ಮ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತದೆ. ಅದು ಸ್ನಾಯುವಿನ ಜೀವಕೋಶದ ಬಾಗಿಲು ತಟ್ಟಿದಾಗಲೂ ಒಳಗೆ ಮೂಡುವುದು ಇದೇ ಪಿಪ್-3. ಎಚ್ಚರಗೊಳ್ಳುವುದು ಇದೇ ಎಕೆಟಿ. ಆಗ ಸಕ್ಕರೆಯ ಬಾಗಿಲುಗಳು ಪೊರೆಗೆ ಬಂದು ತೆರೆದುಕೊಳ್ಳುತ್ತವೆ, ರಕ್ತದ ಸಕ್ಕರೆ ಒಳಗೆ ಹೋಗುತ್ತದೆ. ಗಡ್ಡೆಯಲ್ಲಿ ಕಿಣ್ವವನ್ನು ತಡೆಯಲು ಕೊಟ್ಟ ಮಾತ್ರೆ ಸ್ನಾಯುವಿನಲ್ಲೂ ಯಕೃತ್ತಿನಲ್ಲೂ ಅದೇ ಕಿಣ್ವವನ್ನು ತಡೆಯಿತು. ಇನ್ಸುಲಿನ್ ಬಾಗಿಲು ತಟ್ಟಿದರೂ ಒಳಗೆ ಕೇಳಿಸಲಿಲ್ಲ. ಆದ್ದರಿಂದ ಈ ಮಾತ್ರೆ ಕೊಡುವ ವೈದ್ಯರು ಗಡ್ಡೆಯನ್ನು ಗಮನಿಸುವುದರ ಜೊತೆಗೆ ರೋಗಿಯ ರಕ್ತದ ಸಕ್ಕರೆಯನ್ನೂ ಆಗಾಗ ಪರೀಕ್ಷಿಸುತ್ತಾರೆ.